ಚಕ್ಕೋತದ ಕೆಂಪು, ನಮ್ಮ ಭಾವನ ಮಾತ್ರೆ ಡಬ್ಬಿ

ಹೋದ ವಾರ ಜಗಲಿ ಮೇಲೆ ಚಕ್ಕೋತ ಸುಲೀತಾ ಕೂತಿದ್ದೆ. ಪಕ್ಕದ ತೋಟದ ಹುಡುಗ ಬಂದು ಕೇಳಿದ, "ಅಣ್ಣ, ಈ ಕೆಂಪು ತೊಳೆ ತಿಂದ್ರೆ ಗಂಡಸ್ರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರಲ್ವಂತೆ, ಮೊಬೈಲಲ್ಲಿ ಬಂದೈತೆ. ನಿಜಾನಾ?" ಒಂದು ಮಾತಲ್ಲಿ ಹೇಳೋಕೆ ಆಗ್ಲಿಲ್ಲ. ಈ ಮಾತಿನ ಹಿಂದೆ ನೂರೈವತ್ತು ವರ್ಷದ ಕಥೆ ಇದೆ, ನಮ್ಮ ಮನೆಯ ಒಂದು ನೋವೂ ಇದೆ. ಇಂಗ್ಲಿಷಲ್ಲಿ ಇದ್ದದ್ದನ್ನ ಬಿಎಸ್ಸಿ ಓದಿದ ಮಗನ ಕೈಲಿ ಓದಿಸಿ ತಿಳ್ಕೊಂಡು ಬರೀತಿದ್ದೀನಿ.

ನಮ್ಮ ದೇವನಹಳ್ಳಿ ಚಕ್ಕೋತದ ತೊಳೆಗೂ ಟೊಮೆಟೊಗೂ ಕೆಂಪು ಕೊಡೋದು ಒಂದೇ ವಸ್ತು, ಲೈಕೋಪಿನ್. 1876ರಲ್ಲಿ ಟೊಮೆಟೊದಿಂದ ಈ ಕೆಂಪನ್ನ ಬೇರೆ ಮಾಡಿ ತೆಗೆದವನು ಫ್ರಾನ್ಸಿನ ಮಿಲಾರ್ಡೆ. ಈ ಹೆಸರು ನಮಗೆ ಗೊತ್ತಿಲ್ಲದೆ ಇರಬಹುದು, ಆದರೆ ಅವನ ಕೆಲಸ ದ್ರಾಕ್ಷಿ ಬೆಳೆಯೋ ನಮಗೆಲ್ಲ ಗೊತ್ತು. ಮೈಲುತುತ್ತ, ಸುಣ್ಣ ಕಲಸಿ ಹೊಡೀತೀವಲ್ಲ ಬೋರ್ಡೋ ದ್ರಾವಣ, ಅದನ್ನ 1885ರಲ್ಲಿ ಲೋಕಕ್ಕೆ ತಿಳಿಸಿದವನೂ ಅವನೇ. ಒಬ್ಬನೇ ಮನುಷ್ಯ, ಎರಡು ಕೆಲಸ. ದ್ರಾವಣ ಬಳ್ಳಿ ಮೇಲೆ ಹೊಡೆದು ಪರೀಕ್ಷೆಯಾಗಿ ನಿಂತಿತು. ಕೆಂಪಿನ ಕಥೆ ಹಾಗಾಗಲಿಲ್ಲ.

ಪ್ರಾಸ್ಟೇಟ್ ಅಂದ್ರೆ ಗಂಡಸರಿಗೆ ಮೂತ್ರಚೀಲದ ಕೆಳಗಿರೋ ಸಣ್ಣ ಗ್ರಂಥಿ. ವಯಸ್ಸಾದಂತೆ ದಪ್ಪ ಆಗುತ್ತೆ. ಬಹಳ ಜನಕ್ಕೆ ಅದು ಬರೀ ಊತ, ಕೆಲವರಿಗೆ ಕ್ಯಾನ್ಸರ್. ಬೆಂಗಳೂರಿನ ಕಿದ್ವಾಯಿಯಲ್ಲಿ 1982ರಿಂದ ಕ್ಯಾನ್ಸರ್ ಲೆಕ್ಕ ಬರೆದಿಡ್ತಿದ್ದಾರೆ. ಆ ಲೆಕ್ಕದಲ್ಲಿ ಗಂಡಸರ ಕ್ಯಾನ್ಸರ್‌ಗಳ ಪೈಕಿ ಇದು ಈಗ ಮುಂದಿನ ಸಾಲಿಗೆ ಬಂದಿದೆ.

1995ರಲ್ಲಿ ಅಮೆರಿಕದ ಹಾರ್ವರ್ಡ್‌ನವರು 47 ಸಾವಿರಕ್ಕೂ ಹೆಚ್ಚು ಗಂಡಸರ ಊಟದ ಲೆಕ್ಕ ಹಿಡಿದು ಒಂದು ವಿಷಯ ಹೇಳಿದರು. ವಾರಕ್ಕೆ ಹತ್ತು ಸಲಕ್ಕಿಂತ ಜಾಸ್ತಿ ಟೊಮೆಟೊ ಪದಾರ್ಥ ತಿಂದವರಿಗೆ, ಬಹಳ ಕಮ್ಮಿ ತಿಂದವರಿಗಿಂತ ಈ ಕ್ಯಾನ್ಸರ್ ನೂರಕ್ಕೆ 35ರಷ್ಟು ಕಡಿಮೆ ಕಂಡಿತ್ತು. ಬೇಯಿಸಿದ ಟೊಮೆಟೊ ಸಾಸ್‌ನಲ್ಲಿ ಇದು ಇನ್ನೂ ಎದ್ದು ಕಂಡಿತ್ತು. ಬೇಯಿಸಿ, ಎಣ್ಣೆ ಸೇರಿಸಿದರೆ ಲೈಕೋಪಿನ್ ಮೈಗೆ ಚೆನ್ನಾಗಿ ಹತ್ತುತ್ತೆ. ನಮ್ಮ ಒಗ್ಗರಣೆ ಹಾಕಿದ ಟೊಮೆಟೊ ಸಾರು ಅಂಥದ್ದೇ. ಆದರೆ ಟೊಮೆಟೊ ಜಾಸ್ತಿ ತಿನ್ನೋರು ಬೇರೆ ವಿಷಯದಲ್ಲೂ ಬೇರೆ ಥರ ಬದುಕ್ತಿರಬಹುದು. ಒಳ್ಳೆ ಇಳುವರಿ ಬಂದ ಹೊಲದಲ್ಲಿ ಗೊಬ್ಬರದಿಂದ ಬಂತೋ ಮಳೆಯಿಂದ ಬಂತೋ ಅಂತ ಪಕ್ಕದಲ್ಲಿ ಗೊಬ್ಬರ ಹಾಕದ ಸಾಲು ಬಿಡದೆ ಹೇಳೋಕಾಗಲ್ಲ, ಹಾಗೆ.

ವ್ಯಾಪಾರಿಗಳು ಅಷ್ಟು ಕಾಯಲಿಲ್ಲ. ಕೆಂಪನ್ನ ಮಾತ್ರೆಯಲ್ಲಿ ತುಂಬಿ ಮಾರೋಕೆ ಶುರು ಮಾಡಿದರು. 2005ರಲ್ಲಿ ಅಮೆರಿಕದ ಔಷಧ ಇಲಾಖೆ ಎಲ್ಲ ನೋಡಿ, ಬರೀ ಲೈಕೋಪಿನ್ ಈ ಕ್ಯಾನ್ಸರ್ ತಡೆಯುತ್ತೆ ಅನ್ನೋಕೆ ನಂಬುವಂಥ ಆಧಾರ ಇಲ್ಲ, ಟೊಮೆಟೊಗೆ ಇರೋದೂ ತೀರಾ ಕಮ್ಮಿ ಅಂತ ಹೇಳಿತು.

ಸಾಲು ಬಿಟ್ಟು ನೋಡೋ ಪರೀಕ್ಷೆ ವಿಟಮಿನ್ ಇಗೆ ಆಯ್ತು. ನಮ್ಮ ಕಡಲೇಕಾಯಿ ಎಣ್ಣೇಲಿ ಇರೋದೇ. 2001ರಲ್ಲಿ ಶುರುವಾಗಿ 35 ಸಾವಿರ ಗಂಡಸರು ಸೇರಿದರು. ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಸೆಲೆನಿಯಂ, ಕೆಲವರಿಗೆ ಎರಡೂ, ಕೆಲವರಿಗೆ ಸುಮ್ಮನೆ ಸಪ್ಪೆ ಮಾತ್ರೆ. ಉಪಯೋಗ ಕಾಣದೆ 2008ರಲ್ಲಿ ನಿಲ್ಲಿಸಿದರು. 2011ರಲ್ಲಿ ಲೆಕ್ಕ ಹಾಕಿದರೆ, ಏಳು ವರ್ಷದಲ್ಲಿ ಸಪ್ಪೆ ಮಾತ್ರೆ ನುಂಗಿದ ಸಾವಿರ ಜನರಲ್ಲಿ 65 ಮಂದಿಗೆ ಕ್ಯಾನ್ಸರ್, ಬರೀ ವಿಟಮಿನ್ ಇ ನುಂಗಿದ ಸಾವಿರದಲ್ಲಿ 76 ಮಂದಿಗೆ. ತಡೆಯಲಿ ಅಂತ ಕೊಟ್ಟದ್ದು ಹೆಚ್ಚೇ ಮಾಡಿತ್ತು.

ಈಗ ನಮ್ಮ ಮನೆ ವಿಷಯ. ನಮ್ಮ ಅಕ್ಕನ ಗಂಡ, ಭಾವ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳ್ತಿದ್ದರು. ಆಸ್ಪತ್ರೆಗೆ ಹೋಗೋಣ ಅಂದ್ರೆ ನಾಚಿಕೆ. ಯಾರೋ ಒಬ್ಬ "ಟೊಮೆಟೊ ಸತ್ವ, ಸೈಡ್ ಎಫೆಕ್ಟ್ ಇಲ್ಲ" ಅಂತ ಮಾತ್ರೆ ಡಬ್ಬಿ ತಂದುಕೊಟ್ಟ. ಒಂದೂವರೆ ವರ್ಷ ನುಂಗಿದರು. "ಔಷಧಿ ತಗೊಂತಿದ್ದೀನಲ್ಲ ಬಿಡೋ" ಅನ್ನೋರು. ನಾನೂ ಬಿಟ್ಟೆ, ಅದು ನನ್ನ ತಪ್ಪು. ಸೊಂಟನೋವು ಜಾಸ್ತಿಯಾಗಿ ಕರ್ಕೊಂಡು ಹೋಗುವಷ್ಟರಲ್ಲಿ ಮೂಳೆಗೆ ಹೋಗಿತ್ತು. ಮೊದಲೇ ಬಂದಿದ್ರೆ ದಾರಿಗಳು ಜಾಸ್ತಿ ಇರ್ತಿದ್ವು ಅಂದ್ರು ಡಾಕ್ಟ್ರು.

ಈಗ ಮೂರು ತಿಂಗಳಿಗೊಂದು ಇಂಜೆಕ್ಷನ್. ಗಂಡಸರ ಹಾರ್ಮೋನ್ ಇಳಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತೆ ಅಂತ 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ತೋರಿಸಿದರು, 1966ರಲ್ಲಿ ನೊಬೆಲ್ ಬಂತು. ಭಾವ ಇವತ್ತು ಜಗಲಿ ಮೇಲೆ ಕೂತು ರಾಗಿ ಮುದ್ದೆ ಉಣ್ತಿರೋದು ಆ ದಾರಿಯಿಂದ, ಡಬ್ಬಿಯಿಂದ ಅಲ್ಲ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಚಕ್ಕೋತ ತಿನ್ನು, ಟೊಮೆಟೊ ಸಾರು ಉಣ್ಣು, ಒಳ್ಳೆ ಊಟ ಅದು. ಆದರೆ ಅದನ್ನ ಔಷಧಿ ಅಂದ್ಕೋಬೇಡ. ಬಿಪಿಗೆ, ಕೊಲೆಸ್ಟರಾಲ್‌ಗೆ ಮಾತ್ರೆ ತಗೊಳ್ಳೋರು ಚಕ್ಕೋತ ತಿನ್ನೋ ಮೊದಲು ಡಾಕ್ಟ್ರನ್ನ ಕೇಳಿ, ಕೆಲವು ಮಾತ್ರೆ ಜೊತೆ ಅದು ಹೊಂದಲ್ಲ.

ಐವತ್ತು ದಾಟಿದ ಅಣ್ಣಂದಿರೇ, ಈ ಕ್ಯಾನ್ಸರ್ ಮೊದಮೊದಲು ಏನೂ ತೋರಿಸದೇ ಇರಬಹುದು. ಪಿಎಸ್‌ಎ ಅನ್ನೋ ರಕ್ತ ಪರೀಕ್ಷೆ ನಿಮಗೆ ಬೇಕಾ ಅಂತ ಡಾಕ್ಟ್ರ ಹತ್ರ ಮಾತಾಡಿ. ಮೂತ್ರ ತಡೆದು ತಡೆದು ಬಂದ್ರೆ, ರಕ್ತ ಕಂಡ್ರೆ ಅವತ್ತೇ ಹೋಗಿ. ಬೋರ್‌ವೆಲ್ ನೀರು ಕಮ್ಮಿಯಾದ್ರೆ ಊರೆಲ್ಲ ಹೇಳ್ಕೊಂಡು ಓಡಾಡ್ತೀವಿ, ಇದಕ್ಕೆ ಯಾಕೆ ನಾಚಿಕೆ?