ಡ್ರೇನ್ ಪ್ಲಗ್ ಥ್ರೆಡ್ಡಿನ ದುರಸ್ತಿ

ಮೋಟಾರು ಕಾರಿನ ಎಂಜಿನ್ನಿನ ತಳದಲ್ಲಿ ಎಣ್ಣೆ ಸಂಗ್ರಹವಾಗುವ ತೊಟ್ಟಿಗೆ ಸಂಪ್ ಎಂದೂ, ಗ್ಯಾರೇಜಿನವರ ಮಾತಿನಲ್ಲಿ ಚೇಂಬರ್ ಎಂದೂ ಹೆಸರು. ಹಳೆಯ ಎಣ್ಣೆಯನ್ನು ಹೊರಬಿಡುವುದಕ್ಕಾಗಿ ಅದರ ಅಡಿಯಲ್ಲಿ ಇರಿಸಿರುವ ರಂಧ್ರವನ್ನು ಮುಚ್ಚುವ ಬೋಲ್ಟೇ ಡ್ರೇನ್ ಪ್ಲಗ್. ರಂಧ್ರದ ಒಳಮೈಯಲ್ಲಿ ಕೊರೆದ ತಿರುಪಿನ ಎಳೆಗಳು ಹರಿದು, ಪ್ಲಗ್ಗು ಬಿಗಿಯಾಗದೆ ಸುಮ್ಮನೆ ಸುತ್ತತೊಡಗಿದರೆ ‘ಥ್ರೆಡ್ ಹೋಯಿತು’ ಎನ್ನುವುದು ವಾಡಿಕೆ.

ಅಲ್ಯೂಮಿನಿಯಮ್ ಮಿಶ್ರಲೋಹದಲ್ಲಿ ಎರಕ ಹೊಯ್ದ ಸಂಪಿಗೆ ಉಕ್ಕಿನ ಪ್ಲಗ್ಗನ್ನು ತೊಡಿಸಿದಾಗ, ಮೆದುವಾದದ್ದು ಗಟ್ಟಿಯಾದದ್ದಕ್ಕೆ ಸೋಲುವುದು ಲೋಹಗಳ ಸ್ವಭಾವವೇ ಆಗಿರುವುದರಿಂದ, ಬಲಪ್ರಯೋಗ ಮಿತಿಮೀರಿದೊಡನೆ ಹರಿಯುವುದು ಸಂಪಿನ ಎಳೆಯೇ ಹೊರತು ಪ್ಲಗ್ಗಿನದಲ್ಲ. ಬಿಗಿತದ ಭಾರವು ಎಲ್ಲ ಎಳೆಗಳಿಗೂ ಸಮನಾಗಿ ಹಂಚಿಹೋಗದೆ ಪ್ಲಗ್ಗಿನ ತಲೆಗೆ ಸಮೀಪವಾದ ಮೊದಲ ಎರಡು ಮೂರು ಎಳೆಗಳ ಮೇಲೆಯೇ ಬಹುಪಾಲು ಬೀಳುತ್ತದೆ. ಅವು ಕಿತ್ತ ಬಳಿಕ ಉಳಿದವೂ ಒಂದರ ಹಿಂದೊಂದು ಕೀಳುತ್ತವೆ. ಹಲವು ಕೈಗಳನ್ನು ದಾಟಿ ಬಂದ ಹಳೆಯ ಕಾರಿನಲ್ಲಿ ಇನ್ನೊಂದು ಕಾರಣವೂ ಉಂಟು. ಅನೇಕ ಕಾರುಗಳ ಡ್ರೇನ್ ಪ್ಲಗ್ಗು 14 ಮಿಲಿಮೀಟರ್ ವ್ಯಾಸದ್ದು, ಅದರ ಎಳೆಗಳ ಅಂತರ 1.5 ಮಿಲಿಮೀಟರ್; ಸ್ಪಾರ್ಕ್ ಪ್ಲಗ್ಗಿನ ವ್ಯಾಸ ಬಹುಸಾಮಾನ್ಯವಾಗಿ ಅದೇ 14 ಆದರೂ ಅಂತರ 1.25. ಈ ಸೂಕ್ಷ್ಮವನ್ನು ಗಮನಿಸದೆ ಸ್ಪಾರ್ಕ್ ಪ್ಲಗ್ಗಿನ ಟ್ಯಾಪನ್ನು, ಎಂದರೆ ಎಳೆ ಕೊರೆಯುವ ಉಪಕರಣವನ್ನು, ಡ್ರೇನ್ ರಂಧ್ರಕ್ಕೆ ಹೊಡೆದರೆ ಉಳಿದಿದ್ದ ಎಳೆಗಳೂ ನಾಶವಾಗುತ್ತವೆ.

ಎಣ್ಣೆ ತೊಟ್ಟಿಕ್ಕುವುದನ್ನು ಕಂಡು ಪ್ಲಗ್ಗನ್ನು ಮತ್ತಷ್ಟು ಬಿಗಿಯುವುದೇ ಈ ಅನರ್ಥಕ್ಕೆ ಮೂಲವಾದ ತಪ್ಪು ತಿಳಿವಳಿಕೆಯೆಂದು ಹೇಳಬೇಕಾಗಿದೆ. ಉದ್ದಕ್ಕೂ ಒಂದೇ ವ್ಯಾಸವುಳ್ಳ ಇಂಥ ಪ್ಲಗ್ಗುಗಳಲ್ಲಿ ಎಣ್ಣೆಯನ್ನು ತಡೆಯುವುದು ಎಳೆಗಳಲ್ಲ, ತಲೆಯ ಕೆಳಗಿನ ವಾಷರು. ಎಳೆಗಳ ಕರ್ತವ್ಯವು ವಾಷರನ್ನು ಸಂಪಿನ ಮುಖಕ್ಕೆ ಒತ್ತಿ ಹಿಡಿಯುವುದಷ್ಟೆ. ಸಂಪಿನಲ್ಲಿರುವ ಎಣ್ಣೆಗೆ ಪಂಪಿನ ಒತ್ತಡವಿರದೆ ತನ್ನ ಭಾರವೊಂದೇ ಇರುವುದರಿಂದ ಆ ಹಿಡಿತವು ವಿಪರೀತವಾಗಿರಬೇಕಾಗಿಲ್ಲ. ಹರಿದ ಎಳೆಗೆ ಟೇಪು ಸುತ್ತುವುದು, ಅಂಟು ಮೆತ್ತುವುದು ಮುಂತಾದ ಉಪಾಯಗಳು ವ್ಯರ್ಥವಾಗುವುದೂ ಎಣ್ಣೆಯನ್ನು ತಡೆಯುವುದು ವಾಷರೇ ಆದ ಕಾರಣದಿಂದ.

ದುರಸ್ತಿಯ ಮಾರ್ಗಗಳಲ್ಲಿ ಸುಲಭವಾದುದು, ತನ್ನ ದಾರಿಯನ್ನು ತಾನೇ ಕೊರೆದುಕೊಂಡು ಒಳಹೋಗುವ ದಪ್ಪ ಪ್ಲಗ್ಗನ್ನು ಹಾಕುವುದು. ಅದು ಓರೆಯಾಗಿ ಹೊಕ್ಕರೆ ವಾಷರು ಸಮನಾಗಿ ಕೂರದೆ ಸೋರಿಕೆ ನಿಲ್ಲುವುದೇ ಇಲ್ಲವಾದ ಕಾರಣ, ಅದನ್ನು ತಾತ್ಕಾಲಿಕವೆಂದೇ ಎಣಿಸತಕ್ಕದ್ದು. ರಂಧ್ರವನ್ನು 14.5 ಮಿಲಿಮೀಟರಿಗೆ ಹಿಗ್ಗಿಸಿ, 16ರ ಟ್ಯಾಪ್ ಹೊಡೆದು, ಅದಕ್ಕೊಪ್ಪುವ ಪ್ಲಗ್ಗನ್ನು ತೊಡಿಸುವುದು ಇದಕ್ಕಿಂತ ಉತ್ತಮ. ಮೂಲದ ಅಳತೆಯನ್ನೇ ಉಳಿಸಿಕೊಳ್ಳಬೇಕೆನ್ನುವವರಿಗೆ ಹೆಲಿಕಾಯಿಲ್ ಎಂಬ ಸುರುಳಿಯುಂಟು. ವಜ್ರಾಕೃತಿಯ ಅಡ್ಡಕೊಯ್ತವುಳ್ಳ ತುಕ್ಕುಹಿಡಿಯದ ಉಕ್ಕಿನ ತಂತಿಯಿಂದ ಮಾಡಿದ ಈ ಸುರುಳಿಯು ರಂಧ್ರಕ್ಕಿಂತ ಕಿಂಚಿತ್ ದೊಡ್ಡದಾಗಿದ್ದು, ಅದುಮಿ ತಿರುಗಿಸಿದಾಗ ಒಳಹೊಕ್ಕು, ಬಿಟ್ಟೊಡನೆ ಹಿಗ್ಗಿ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಅದರ ಹೊರ ಅಂಚು ಸಂಪಿನ ಮುಖಕ್ಕಿಂತ ತುಸು ಒಳಗಿರಬೇಕು. ತಿರುಗಿಸಲು ಆಧಾರವಾದ ತುದಿಯ ಕೊಂಡಿಯನ್ನು ಮುರಿದ ಮೇಲೆ ಆ ತುಣುಕನ್ನು ತಪ್ಪದೆ ಹೊರತೆಗೆಯಬೇಕು. ತಂತಿಯ ಬದಲು ಬುಷ್ ಎಂಬ ಗಟ್ಟಿ ಲೋಹದ ಕೊಳವೆಯನ್ನು ಹಾಕಿಸುವುದು ಇನ್ನೂ ಭದ್ರವಾದ ವಿಧಾನ.

ಸಂಪನ್ನು ಕಳಚದೆಯೇ ಕೆಲಸ ಮಾಡುವಾಗ ಲೋಹದ ಚೂರುಗಳ ಬಗೆಗೆ ಅತ್ಯಂತ ಜಾಗರೂಕತೆ ಅವಶ್ಯಕ. ಟ್ಯಾಪಿನ ಕಾಲುವೆಗಳಿಗೆ ಗ್ರೀಸು ತುಂಬಿ, ಅರ್ಧ ಸುತ್ತು ಮುಂದಕ್ಕೂ ಕಾಲು ಸುತ್ತು ಹಿಂದಕ್ಕೂ ತಿರುಗಿಸುತ್ತ, ಆಗಾಗ ಹೊರತೆಗೆದು ಒರೆಸುತ್ತ ಹೋಗಬೇಕು. ಕಡೆಗೆ ಅಗ್ಗದ ಎಣ್ಣೆಯನ್ನು ಮೇಲಿನಿಂದ ಸುರಿದು ತೊಳೆದುಬಿಡಬೇಕು. ಅಲ್ಯೂಮಿನಿಯಮ್ ಅಯಸ್ಕಾಂತಕ್ಕೆ ಅಂಟುವುದಿಲ್ಲವಾದ್ದರಿಂದ ಅಯಸ್ಕಾಂತವನ್ನು ನಂಬಿ ಕುಳಿತುಕೊಳ್ಳುವಂತಿಲ್ಲ. ಸಾಧ್ಯವಾದರೆ ಸಂಪನ್ನು ಕಳಚಿ ಮೇಜಿನ ಮೇಲಿಟ್ಟು ಮಾಡುವುದೇ ಶ್ರೇಯಸ್ಕರ.

ತಗಡಿನ ಸಂಪುಗಳಲ್ಲಿ ತಗಡು ತೆಳುವಾಗಿದ್ದು ಎಳೆಗೆ ಆಸ್ಪದವಿರದ ಕಾರಣ ಒಂದು ನಟ್ಟನ್ನು ಬೆಸೆದಿರುತ್ತಾರೆ. ಅದು ಕೆಟ್ಟರೆ ಸಂಪನ್ನು ಬಿಚ್ಚಿ, ಎಣ್ಣೆಯ ಪಸೆಯನ್ನು ಪೂರ್ಣವಾಗಿ ತೊಳೆದು, ಹೊಸ ನಟ್ಟನ್ನು ವೆಲ್ಡಿಂಗ್ ಮಾಡಿಸುತ್ತಾರೆ. ಗಾಳಿಯಿಂದ ತಂಪಾಗುವ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ರಚನೆ ಇವೆಲ್ಲಕ್ಕಿಂತ ಭಿನ್ನವಾದುದು. ಅಲ್ಲಿ ಪ್ಲಗ್ಗಿರುವುದು ಕ್ರ್ಯಾಂಕ್‌ಕೇಸಿನಲ್ಲಲ್ಲ, ಎಣ್ಣೆಯ ಜಾಲರಿಯನ್ನು ಹಿಡಿದಿರುವ ದುಂಡು ಮುಚ್ಚಳದಲ್ಲಿ. ಎಳೆ ಹೋದರೆ ಮುಚ್ಚಳವನ್ನೇ ಬದಲಿಸಿದರಾಯಿತು. ಆದರೆ ಆ ಮುಚ್ಚಳವನ್ನು ಬಂಧಿಸುವ 6 ಮಿಲಿಮೀಟರಿನ ಆರು ಸ್ಟಡ್ಡುಗಳು, ಎಂದರೆ ತಲೆಯಿಲ್ಲದ ಬೋಲ್ಟುಗಳು, ಮೆಗ್ನೀಸಿಯಮ್ ಮಿಶ್ರಲೋಹದ ಕ್ರ್ಯಾಂಕ್‌ಕೇಸಿನಲ್ಲಿ ನೆಟ್ಟವಾದುದರಿಂದ, ಹೆಚ್ಚು ಬಿಗಿದವರಿಗೆ ಅವೇ ಕಿತ್ತುಬರುತ್ತವೆ.

ದುರಸ್ತಿಯ ನಂತರ ಕೈಯ ಅಂದಾಜನ್ನು ಬಿಟ್ಟು, ಆಯಾ ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು. 14 ಮಿಲಿಮೀಟರಿನ ಪ್ಲಗ್ಗಿಗೆ ಇದು ಸಾಮಾನ್ಯವಾಗಿ 30ರಿಂದ 45 ನ್ಯೂಟನ್-ಮೀಟರ್. ಎಣ್ಣೆ ಬದಲಿಸಿದ ಪ್ರತಿ ಸಲವೂ ಹೊಸ ವಾಷರನ್ನೇ ಹಾಕಿಸಿರಿ.