ಹಲಗಲಿಯ ಬಂದೂಕು ಮತ್ತು ಚಿಗರಿಬೇಟೆ

ಬನಹಟ್ಟಿಯಿಂದ ಮುಧೋಳದ ಮಾರ್ಗವಾಗಿ ಬೀಳಗಿಯ ಕಡೆಗೆ ಸಾಗುವವರಿಗೆ ಈಗ ಎದುರಾಗುವುದು ಬಹುಮಟ್ಟಿಗೆ ಕಬ್ಬಿನ ಗದ್ದೆ. ನೀರಾವರಿ ಬರುವ ಮುನ್ನ ಇದು ಎರೆಹೊಲ, ಕುರುಚಲು ಗುಡ್ಡ ಮತ್ತು ಹುಲ್ಲುಗಾವಲುಗಳ ನಾಡಾಗಿತ್ತು. ಬನಹಟ್ಟಿ ಜಮಖಂಡಿಯ ಪಟವರ್ಧನರಿಗೆ, ಪಕ್ಕದ ರಬಕವಿ ಸಾಂಗಲಿಗೆ, ಮುಧೋಳ ಘೋರ್ಪಡೆಯವರಿಗೆ ಸೇರಿದ್ದ ಕಾಲದಲ್ಲಿ ಒಂದು ಹಗಲಿನ ನಡಿಗೆಯಲ್ಲಿ ಮೂರು ಸಂಸ್ಥಾನಗಳ ಎಲ್ಲೆಗಳನ್ನು ದಾಟಬಹುದಾಗಿತ್ತು. ಚಿಗರಿಗಳಿಗೆ ಮಾತ್ರ ಈ ಎಲ್ಲೆಗಳ ಹಂಗಿರಲಿಲ್ಲ. ಅವುಗಳ ಬೆನ್ನು ಹತ್ತಿದ ಬೇಡರಿಗೂ ಅಷ್ಟಾಗಿ ಇದ್ದಂತೆ ತೋರುವುದಿಲ್ಲ.

ಈ ಸೀಮೆಯ ಜನ ಚಿಗರಿ ಎನ್ನುವುದು ಕೃಷ್ಣಮೃಗವನ್ನು. ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಅದು ಜಿಂಕೆಯಲ್ಲ, ಹುಲ್ಲೆ. ಜಿಂಕೆಯಂತೆ ವರ್ಷಕ್ಕೊಮ್ಮೆ ಕೊಂಬು ಉದುರಿಸುವುದಿಲ್ಲ. ಆದರೆ ಬೇಟೆಗಾರನಿಗೆ ಮುಖ್ಯವಾದುದು ಅದರ ಓಟ ಮತ್ತು ಕಣ್ಣು. ಬಯಲಿನಲ್ಲಿ ಬಹು ದೂರದಿಂದಲೇ ಮನುಷ್ಯನನ್ನು ಗುರುತಿಸಿ ಓಡುವ ಈ ಪ್ರಾಣಿಯನ್ನು ಹಳೆಯ ತೋಡೆಬಂದೂಕಿನಿಂದ ಹೊಡೆಯುವುದು ಸುಲಭದ ಕೆಲಸವಾಗಿರಲಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಇಟ್ಟು, ಗಜದಿಂದ ಜಡಿದು, ಬತ್ತಿಗೆ ಕಿಡಿ ತಾಗಿಸಬೇಕು. ಐವತ್ತು ಅರವತ್ತು ಹೆಜ್ಜೆಗಳಾಚೆ ಗುರಿಯ ಭರವಸೆಯಿಲ್ಲ. ಗುಂಡು ತಪ್ಪಿದರೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಹಿಂಡು ಕಣ್ಮರೆಯಾಗಿರುತ್ತದೆ. ಆದುದರಿಂದ ಬೇಟೆ ಒಬ್ಬನ ಕೆಲಸವಾಗುವುದು ಸಾಧ್ಯವಿರಲಿಲ್ಲ. ಸೋವುವವರು ಬೇಕು, ಅಡಗಿ ಕೂರುವವರು ಬೇಕು, ಗಾಯಗೊಂಡ ಮೃಗವನ್ನು ಬೆನ್ನಟ್ಟುವ ನಾಯಿ ಬೇಕು. ಇಂದು ಮುಧೋಳ ನಾಯಿ ಎಂದು ಹೆಸರಾದ, 2005ರಲ್ಲಿ ಅಂಚೆಚೀಟಿಯ ಮೇಲೂ ಕಾಣಿಸಿಕೊಂಡ ತೆಳುಮೈಯ ತಳಿಯನ್ನು ಈ ಬಯಲುಬೇಟೆಯಿಂದ ಬೇರ್ಪಡಿಸಿ ನೋಡಲಾಗದು. ಅರಮನೆಯ ಆಸರೆ ಅದಕ್ಕೆ ಕೀರ್ತಿ ತಂದಿತೆಂಬುದು ದಿಟ. ಆದರೆ ಅದರ ಓಟವನ್ನು ಪರೀಕ್ಷಿಸಿದ್ದು ಎರೆಹೊಲ.

ಹೀಗಾಗಿ ಬೇಡನ ಮನೆಯಲ್ಲಿ ಬಂದೂಕು ಕೊಡಲಿ, ಕುಡಗಳ ಸಾಲಿಗೆ ಸೇರಿದ ವಸ್ತು. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಹಲಗಲಿಯ ದಂಗೆಯನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಅದನ್ನು 1857ರ ಮಹಾ ಸಂಗ್ರಾಮದ ಒಂದು ಕವಲಾಗಿ ಕಂಡಿದ್ದಾರೆ. ಅದು ತಪ್ಪಲ್ಲ. ಆದರೆ ಆ ನೋಟದಲ್ಲಿ ಬಂದೂಕು ಕೇವಲ ಯುದ್ಧದ ಆಯುಧವಾಗಿಬಿಡುತ್ತದೆ. ಅದರ ನಿತ್ಯದ ಬಳಕೆ ಮರೆಯಾಗುತ್ತದೆ.

1857ರ ಸೆಪ್ಟೆಂಬರಿನಲ್ಲಿ ಕಂಪನಿ ಸರ್ಕಾರವು ಆಯುಧಗಳ ಮೇಲೆ ಕಾಯ್ದೆ ಮಾಡಿತು. ಪರವಾನಿಗೆಯಿಲ್ಲದವರು ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಮುಧೋಳ ಸಂಸ್ಥಾನದ ಹಲಗಲಿಗೂ ಬಂದಿತು. ಬೇಡರು ನಿರಾಕರಿಸಿದರು. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಂ ಮತ್ತು ಲೆಫ್ಟಿನೆಂಟ್ ಕೆರ್ ಅವರ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಮುಧೋಳ ಮತ್ತು ಹಲಗಲಿಗಳಲ್ಲಿ ಗಲ್ಲಿಗೇರಿಸಲಾಯಿತು.

ಈ ಘಟನೆಯನ್ನು ಹಾಡಿದ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಆಳುವವರ ಅಧಿಕಾರಿಯೇ ಆಳಿಸಿಕೊಂಡವರ ದುಃಖದ ಹಾಡನ್ನು ಉಳಿಸಿದ್ದು ನಮ್ಮ ಜಾನಪದ ಅಧ್ಯಯನದ ವಿಚಿತ್ರಗಳಲ್ಲೊಂದು. ಜಡಗ, ಬಾಲ, ಹನುಮ, ರಾಮ ಮೊದಲಾದವರ ಶೌರ್ಯದ ಭಾಗ ಎಲ್ಲರಿಗೂ ಪರಿಚಿತ. ನನ್ನ ಗಮನ ಸೆಳೆಯುವುದು ಲೂಟಿಯಾದ ವಸ್ತುಗಳ ಪಟ್ಟಿ. ಕೊಡಲಿ, ಕುಡ, ಹಾಲು, ಬೆಣ್ಣೆ, ಉಪ್ಪು, ಅರಿಸಿನಗಳನ್ನು ಲಾವಣಿಕಾರ ಒಂದೊಂದಾಗಿ ಎಣಿಸುತ್ತಾನೆ. ವೀರಗೀತೆಯ ನಡುವೆ ಈ ಅಡುಗೆಮನೆಯ ಯಾದಿ ಏಕೆ ಬಂದಿತು? ಹತಾರ ಕೇಳಿ ಬಂದವರು ಒಕ್ಕಲುತನದ ಬುಡಕ್ಕೇ ಕೈಹಾಕಿದರೆಂಬ ತಿಳಿವಳಿಕೆ ಅದರ ಹಿಂದಿದೆ ಎಂದು ನನ್ನ ಅಭಿಪ್ರಾಯ.

ಇದೇ ಅವಧಿಯಲ್ಲಿ ಜಗತ್ತಿನ ಇನ್ನೊಂದು ತುದಿಯಲ್ಲಿ ಬಂದೂಕಿನ ಸ್ವರೂಪವೇ ಬದಲಾಗುತ್ತಿತ್ತು. ಅಮೆರಿಕದಲ್ಲಿ 1860ರ ಹೆನ್ರಿ ರೈಫಲ್, ಅನಂತರ 1873ರ ವಿಂಚೆಸ್ಟರ್ ಬಳಕೆಗೆ ಬಂದವು. ಕುದುರೆಯ ಕೆಳಗಿನ ಸನ್ನೆಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆಳೆದರೆ ಸಾಕು. ಸುಟ್ಟ ತೋಟೆ ಹೊರಬಿದ್ದು ಹೊಸದು ನಳಿಗೆಯನ್ನು ಸೇರುತ್ತದೆ. ಭುಜದಿಂದ ಬಂದೂಕನ್ನು ಇಳಿಸದೆ ಹತ್ತಾರು ಗುಂಡು ಹಾರಿಸಬಹುದು. ಮೊದಲ ಬಾರಿಗೆ ಇಂಥ ಬಂದೂಕು ಹಿಡಿದು ಜಿಂಕೆಯ ಹಿಂದೆ ಹೊರಟವನಿಗೆ ಸೋವುವವರ ಗುಂಪು ಅನಿವಾರ್ಯವಲ್ಲ. ತಪ್ಪಿದ ಗುಂಡಿನ ಬೆನ್ನಿಗೇ ಎರಡನೆಯದು ಸಿದ್ಧವಿರುತ್ತದೆ. ಬೇಟೆ ಊರಿನದಾಗಿದ್ದುದು ಒಬ್ಬನದಾಯಿತು. ಕನ್ನಡ ನಾಡಿನಲ್ಲಿ ಈ ಜಾತಿಯ ಬಂದೂಕಿನ ಪ್ರಸಿದ್ಧ ಒಡೆಯ ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974). ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ನಮ್ಮ ಓದುಗರಿಗೆ ಆಪ್ತನಾದ ಈ ಬೇಟೆಗಾರನ ಕೈಯಲ್ಲಿದ್ದುದು .405 ವಿಂಚೆಸ್ಟರ್.

ಹಲಗಲಿಯ ಬೇಡರ ಮಕ್ಕಳಿಗೆ ಆ ಮೊದಲ ಅನುಭವದ ಬಾಗಿಲು ಮುಚ್ಚಿತ್ತು. 1878ರ ಆಯುಧ ಕಾಯ್ದೆ ಪರವಾನಿಗೆಯ ಕಟ್ಟನ್ನು ಬಿಗಿಗೊಳಿಸಿತು. ಯುರೋಪಿಯನ್ನರಿಗೆ ಅದರಿಂದ ವಿನಾಯಿತಿಯಿತ್ತು. ಹೊಸ ಬಂದೂಕು ಅರಸರ ಮತ್ತು ಸಾಹೇಬರ ಶಿಕಾರಿಗೆ ಮೀಸಲಾಯಿತು. ತಲೆಮಾರುಗಳಿಂದ ಮೃಗದ ಜಾಡು ಬಲ್ಲವನು ಅದೇ ಶಿಕಾರಿಯಲ್ಲಿ ದಾರಿ ತೋರಿಸುವ, ಸೋವುವ ಆಳಾದನು.

ಇಲ್ಲಿ ಕೊಡಗಿನ ಸಂಗತಿಯನ್ನು ಎದುರಿಗಿಟ್ಟು ನೋಡಬೇಕು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಪೂಜಿಸುವ ಕೊಡವರಿಗೂ ಬಂದೂಕು ಮನೆತನದ ವಸ್ತುವೇ. ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ಅವರಿಗೆ 1861ರಲ್ಲಿ ಮಾರ್ಕ್ ಕಬ್ಬನ್ ವಿನಾಯಿತಿ ನೀಡಿದನು. ಸ್ವತಂತ್ರ ಭಾರತದಲ್ಲೂ ಅದು ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಣೆಯಾಯಿತು. ಅವರ ಹಕ್ಕನ್ನು ಪ್ರಶ್ನಿಸುವುದು ನನ್ನ ಉದ್ದೇಶವಲ್ಲ. ಒಂದೇ ಬಗೆಯ ನಂಟು ಒಂದೆಡೆ ನಿಷ್ಠೆಯ ಗುರುತಾಗಿ, ಇನ್ನೊಂದೆಡೆ ನೇಣಿಗೆ ಕಾರಣವಾಯಿತು. ಎರಡಕ್ಕೂ ನಡುವೆ ಇರುವುದು ನಾಲ್ಕೇ ವರ್ಷ.

ಕ್ಷೇತ್ರಕಾರ್ಯದ ವೇಳೆ ಈ ಭಾಗದ ಹಿರಿಯರೊಬ್ಬರು ಮಾಡದಿಂದ ಒಂದು ಕಬ್ಬಿಣದ ಗಜವನ್ನು ತೆಗೆದು ತೋರಿಸಿದರು. ಬಂದೂಕು ಯಾವಾಗ ಹೋಯಿತೆಂದು ಅವರಿಗೆ ತಿಳಿಯದು. ಮಹಾನವಮಿಯ ಖಂಡೇಪೂಜೆಯಲ್ಲಿ ಕುಡಗೋಲು, ಕೊಡಲಿಗಳ ಪಕ್ಕದಲ್ಲಿ ಅದಕ್ಕೂ ಕುಂಕುಮ ಹಚ್ಚುತ್ತಾರೆ. ಚಿಗರಿ ಹೊಡೆದ ಕಥೆ ಕೇಳಿದೆ. ತಾವು ಹೊಡೆದಿಲ್ಲವೆಂದೂ ಅಜ್ಜನ ಪಾಲಿಗೆ ಬರುತ್ತಿದ್ದ ತೊಡೆಯ ಮಾಂಸದ ಮಾತನ್ನಷ್ಟೇ ಕೇಳಿದ್ದೇನೆಂದೂ ಹೇಳಿದರು.

1972ರ ವನ್ಯಜೀವಿ ಕಾಯ್ದೆಯ ಬಳಿಕ ಆ ಬೇಟೆ ಅಪರಾಧ, ಆಗಲೇಬೇಕಿತ್ತು. ಹಲಗಲಿಯ ಆಚೆ, ಬೀಳಗಿ ಸೀಮೆಯ ಯಡಹಳ್ಳಿಯ ಗುಡ್ಡಗಳು 2016ರಲ್ಲಿ ಚಿಂಕಾರ ವನ್ಯಜೀವಿಧಾಮವಾದವು. ಸುಮಾರು 96 ಚದರ ಕಿಲೋಮೀಟರಿನ ಆ ಕುರುಚಲು ಕಾಡಿನಲ್ಲಿ, ಚಿಗರಿಗಿಂತ ಚಿಕ್ಕದಾದ ಈ ಹುಲ್ಲೆಗಳು ಸಂಜೆಯ ಹೊತ್ತು ಮೇಯಲು ಹೊರಬರುತ್ತವೆ. ಹಿರಿಯರು ನನಗೆ ದೂರದಿಂದಲೇ ಒಂದನ್ನು ಬೆರಳಿಟ್ಟು ತೋರಿಸಿದರು. ಅದು ಓಡುವವರೆಗೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.