ಹದಿಹರೆಯದ ಹೊಗೆ: ಹಿಂದಿರುವ ನೋವನ್ನು ಕೇಳಿದ್ದೇವೆಯೇ?

ಮೈಸೂರಿನ ಗೋಕುಲಂ ಇಂದು ಯೋಗ ಕಲಿಯುವವರ ಬಡಾವಣೆಯೆಂದು ಹೆಸರಾಗಿದೆ. ಅದಕ್ಕಿಂತ ಬಹಳ ಮೊದಲೇ, ಉಸಿರಾಡಲು ಕಷ್ಟಪಡುವವರಿಗೆ ಈ ಭಾಗದಲ್ಲಿ ಆಸರೆಯೊಂದು ಸಿಕ್ಕಿತ್ತು. ಕ್ಷಯಕ್ಕೆ ಬಲಿಯಾದ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಕೆ.ಆರ್.ಎಸ್. ರಸ್ತೆಯಲ್ಲಿ ಸ್ಥಾಪಿಸಿದ ಕ್ಷಯರೋಗ ಆಸ್ಪತ್ರೆಯೇ ಅದು. ಅರಮನೆಯ ದುಃಖ ಸಾವಿರಾರು ಬಡವರಿಗೆ ಚಿಕಿತ್ಸೆಯಾಯಿತು.

ಆದರೆ ಎಲ್ಲರ ದುಃಖಕ್ಕೂ ಇಂತಹ ದಾರಿ ಸಿಗುವುದಿಲ್ಲ. ಟ್ಯೂಷನ್ ಮುಗಿಸಿ ಬೀಡಾ ಅಂಗಡಿಯ ಮರೆಯಲ್ಲಿ ಸಿಗರೇಟು ಹಚ್ಚುವ ಹುಡುಗನನ್ನು ಕಂಡರೆ ನಾವು 'ಕೆಟ್ಟ ಸಹವಾಸ' ಎಂದು ತೀರ್ಪು ಕೊಟ್ಟು ಮುಂದೆ ಸಾಗುತ್ತೇವೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. 1914-18ರ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ರೇಷನ್‌ನಲ್ಲೇ ತಂಬಾಕು ಸಿಗುತ್ತಿತ್ತು. ಗಾಯಾಳುವಿನ ತುಟಿಗೆ ಸಿಗರೇಟು ಇಡುವುದು ಅಂದು ಕರುಣೆಯ ಕೆಲಸ. ಅಮೆರಿಕದ ಸೇನೆ 1975ರವರೆಗೂ ಊಟದ ಪೊಟ್ಟಣದಲ್ಲಿ ಸಿಗರೇಟು ಕೊಡುತ್ತಿತ್ತು. ಭಯ, ನೋವುಗಳಿಗೆ ಹೊಗೆಯೇ ಮದ್ದೆಂದು ಹಿರಿಯರೇ ಕಲಿಸಿದ ಪಾಠವಿದು.

1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರ ಬಾಲ್ಯವನ್ನು ವಿಚಾರಿಸಿತು. ಹೊಡೆತ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲಿನ ಹಲ್ಲೆ, ಮನೆಯೊಳಗಿನ ಕುಡಿತ, ತಂದೆತಾಯಿಯರ ಅಗಲಿಕೆ ಮುಂತಾದ ಆಘಾತಗಳಲ್ಲಿ ಐದು ಅಥವಾ ಹೆಚ್ಚು ಬಗೆಯವನ್ನು ಕಂಡವರು ಎಳೆಯ ವಯಸ್ಸಿನಲ್ಲೇ ಧೂಮಪಾನ ಆರಂಭಿಸುವ ಸಂಭವ, ಅಂತಹದ್ದೇನೂ ಕಾಣದವರಿಗಿಂತ ಐದು ಪಟ್ಟು ಹೆಚ್ಚಿತ್ತು.

ಕಾರಣ ಸ್ಪಷ್ಟ. ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳು ಸೇರಿ ಕ್ಷಣಿಕ ನೆಮ್ಮದಿ ಕೊಡುತ್ತದೆ. ಅದು ಇಳಿದೊಡನೆ ಚಡಪಡಿಕೆ ಏರುತ್ತದೆ, ಮತ್ತೊಂದು ಸಿಗರೇಟು ಬೇಕಾಗುತ್ತದೆ. ಇನ್ನೂ ಬೆಳೆಯುತ್ತಿರುವ ಮೆದುಳು ಈ ಬಲೆಗೆ ಬೇಗನೆ ಬೀಳುತ್ತದೆ. ಸೇದುವ ಹುಡುಗರೆಲ್ಲ ನೊಂದವರೆಂದಲ್ಲ. ಗೆಳೆಯರ ಒತ್ತಾಯ, ಸಿನಿಮಾ ನಾಯಕರ ಅನುಕರಣೆಯೂ ಇದೆ. ಆದರೆ ನೊಂದವನಿಗೆ ಅದನ್ನು ಬಿಡುವುದು ಹೆಚ್ಚು ಕಷ್ಟ.

ಕಾನೂನು ಇಲ್ಲವೆಂದಲ್ಲ. 2003ರ ಕೇಂದ್ರ ಕಾಯ್ದೆ ಹದಿನೆಂಟರೊಳಗಿನವರಿಗೆ ತಂಬಾಕು ಮಾರಾಟವನ್ನು ನಿಷೇಧಿಸಿತು. ಕರ್ನಾಟಕದ ತಿದ್ದುಪಡಿ ಈ ಮಿತಿಯನ್ನು 21ಕ್ಕೆ ಏರಿಸಿದೆ. ಕಾನೂನು ಅಂಗಡಿಯನ್ನು ತಡೆಯಬಹುದು, ಮನೆಯೊಳಗಿನ ನೋವನ್ನಲ್ಲ.

ಮಗನ ಜೇಬಿನಲ್ಲಿ ಸಿಗರೇಟು ಸಿಕ್ಕಿದ ದಿನ ನಾವು ಕೈ ಎತ್ತಿದರೆ, ಅವನ ಆಘಾತಗಳ ಪಟ್ಟಿಗೆ ಮತ್ತೊಂದನ್ನು ಸೇರಿಸಿದಂತೆ. 'ಏಕೆ ಸೇದಿದೆ?' ಎಂದು ಗದರುವ ಮೊದಲು 'ಏನಾಯಿತು ಮಗಾ?' ಎಂದು ಕೇಳೋಣ. ಉತ್ತರ ಕೇಳುವ ತಾಳ್ಮೆಯೂ ನಮಗಿರಲಿ.